ಕತ್ತಿಯ ಚೀಲ, ಚೀಲದ ಹೆಸರು

ಹಡಪಕ್ಕೆ ಗುಂಡಿ ಇಲ್ಲ, ಕೀಲಿ ಇಲ್ಲ. ನಮ್ಮ ಮುತ್ಯಾನದು ಆಡಿನ ತೊಗಲಿನದು. ಬಿಚ್ಚಿ ಹಾಸಿದರೆ ಮೊಳದುದ್ದ, ಸುತ್ತಿದರೆ ಕಂಕುಳಲ್ಲಿ ಅಡಗುವಷ್ಟು, ಕಟ್ಟಲು ಒಂದು ತೊಗಲಿನ ದಾರ. ಒಳಗೆ ಒತ್ತೊತ್ತಾಗಿ ಹೊಲಿದ ಮನೆಗಳು. ಅವುಗಳಲ್ಲಿ ಎರಡು ಕತ್ತಿ, ಸಾಣೆಕಲ್ಲು, ಕತ್ತರಿ, ಚಿಮಟ, ಉಗುರು ತೆಗೆಯುವ ಕಿರುಗತ್ತಿ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ, ತಗಡಿನ ಕಟ್ಟು ಹಾಕಿದ ಅಂಗೈಯಗಲದ ಕನ್ನಡಿ, ಒಂದು ಹರಳು ಪಟಕ. ನೀರಿನ ಹಿತ್ತಾಳೆ ಬಟ್ಟಲು ಮಾತ್ರ ಚೀಲದಲ್ಲಿ ಹಿಡಿಸದೆ ಕೈಯಲ್ಲೇ ಬರುತ್ತಿತ್ತು. ಕತ್ತಿಯ ಮನೆಗಳಿಗೆ ಬೇರೆಯದೇ ಒಂದು ಬಟ್ಟೆಯ ಅಸ್ತರು ಹಾಕಿದ್ದಾರೆ; ಎಣ್ಣೆ ಕುಡಿದೂ ಕುಡಿದೂ ಅದು ಕರ್ರಗಾಗಿದೆ. ಹದ ಮಾಡಿದ ತೊಗಲು ನೇರವಾಗಿ ತಾಗಿದರೆ ಮಳೆಗಾಲದಲ್ಲಿ ಉಕ್ಕಿಗೆ ತುಕ್ಕು ಹತ್ತುತ್ತದೆ. ಹೊಲಿದವನಿಗೆ ಅದು ಗೊತ್ತಿತ್ತು.

ನಮ್ಮ ಮನೆತನದ ಹೆಸರು ಹಡಪದ. ಅಂದರೆ ಈ ಚೀಲದವರು. ಕತ್ತಿಯವರಲ್ಲ, ಕೂದಲಿನವರಲ್ಲ, ಚೀಲದವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಈ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೆಲಸ ಮಾಡುವುದು ಕತ್ತಿ. ಹೆಸರು ಬಂದದ್ದು ಅದನ್ನಿಡುವ ವಸ್ತುವಿನಿಂದ. ನಿವೃತ್ತಿಯಾದ ಮೇಲೆ ಕೋಶಗಳನ್ನು ತಿರುವುತ್ತ ಕೂತಾಗ ತಿಳಿಯಿತು, ಇದು ನಮ್ಮೊಬ್ಬರ ಕಥೆಯಲ್ಲ ಎಂದು.

ಕ್ಷೌರದ ಕತ್ತಿ ಇಡುವ ಸಾಧನಕ್ಕೆ ನಮ್ಮ ನಾಡಿನಲ್ಲಿ ಸಿಗುವ ಬಹು ಹಳೆಯ ಹೆಸರು ಕ್ಷುರಧಾನ. ಸಿಗುವ ಜಾಗವೂ ಸಾಮಾನ್ಯದ್ದಲ್ಲ, ಬೃಹದಾರಣ್ಯಕ ಉಪನಿಷತ್ತು. ಆತ್ಮವು ಉಗುರಿನ ತುದಿಯವರೆಗೂ ದೇಹದೊಳಗೆ ಹೊಕ್ಕಿದ್ದರೂ ಕಣ್ಣಿಗೆ ಬೀಳುವುದಿಲ್ಲ ಎನ್ನುವುದನ್ನು ತಿಳಿಸಲು ಋಷಿ ಹಿಡಿದ ಹೋಲಿಕೆ ಕ್ಷುರಧಾನದೊಳಗೆ ಇಟ್ಟ ಕ್ಷುರ. ಕೌಷೀತಕಿ ಉಪನಿಷತ್ತಿನಲ್ಲಿಯೂ ಇದೇ ಹೋಲಿಕೆ ಬರುತ್ತದೆ. ಕ್ಷುರ ಅಂದರೆ ಕತ್ತಿ, ಧಾನ ಅಂದರೆ ಇಡುವ ತಾವು. ರಾಜಧಾನಿಯಲ್ಲಿರುವುದೂ ಅದೇ ಧಾನಿ. ಬ್ರಹ್ಮವಿದ್ಯೆ ಹೇಳುವವನು ಉದಾಹರಣೆಗೆ ನಾಪಿತನ ಪೆಟ್ಟಿಗೆಯನ್ನು ಆರಿಸಿಕೊಂಡದ್ದನ್ನು ನಮ್ಮ ಓಣಿಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಎದುರಿಗೆ ಕೂತ ಶಿಷ್ಯರಿಗೆಲ್ಲ ಆ ವಸ್ತು ಚೆನ್ನಾಗಿ ಗೊತ್ತಿತ್ತು ಎನ್ನುವುದಂತೂ ಖಂಡಿತ. ಗೊತ್ತಿಲ್ಲದ್ದನ್ನು ಯಾರೂ ಉದಾಹರಣೆ ಕೊಡುವುದಿಲ್ಲ.

ಬೌದ್ಧರ ವಿನಯಪಿಟಕಕ್ಕೆ ಬಂದರೆ ಲೆಕ್ಕಾಚಾರ ಇನ್ನೂ ಸ್ಪಷ್ಟ. ಭಿಕ್ಷುಗಳು ಏನೇನು ಇಟ್ಟುಕೊಳ್ಳಬಹುದು ಎಂದು ಚುಲ್ಲವಗ್ಗ ಹೇಳುವಾಗ ಕತ್ತಿ, ಕತ್ತಿಯ ಸಾಣೆಕಲ್ಲು, ಕತ್ತಿಯ ಒರೆ, ಉಣ್ಣೆಯ ತುಂಡು, ಒಟ್ಟಿನಲ್ಲಿ ಕ್ಷೌರದ ಸರಂಜಾಮೆಲ್ಲ ಎಂದು ಅಪ್ಪಣೆ ಕೊಡುತ್ತದೆ. ಪಾಲಿಯಲ್ಲಿ ಒರೆಗೆ ಖುರಸಿಪಾಟಿಕ ಎಂದು ಹೆಸರು, ಇಡೀ ಸರಂಜಾಮಿಗೆ ಖುರಭಂಡ. ತಲೆ ಬೋಳಿಸಿಕೊಳ್ಳಲೇಬೇಕಾದ ಸಂಘಕ್ಕೆ ಇದು ಬೇಕಾದದ್ದೇ.

ಆದರೆ ಮಹಾವಗ್ಗದಲ್ಲಿ ಇನ್ನೊಂದು ಪ್ರಸಂಗವಿದೆ. ಆತುಮಾ ಎಂಬ ಊರಿನಲ್ಲಿ ಮುದಿ ವಯಸ್ಸಿನಲ್ಲಿ ಸಂಘ ಸೇರಿದ ಒಬ್ಬ ಭಿಕ್ಷು. ಮೊದಲು ಕ್ಷೌರಿಕನಾಗಿದ್ದವನು. ಅವನ ಇಬ್ಬರು ಮಕ್ಕಳೂ ಅದೇ ಕೆಲಸದಲ್ಲಿ ಜಾಣರು, ಮಾತಿನಲ್ಲಿ ಸವಿ. ಬುದ್ಧ ಊರಿಗೆ ಬರುತ್ತಾನೆಂಬ ಸುದ್ದಿ ತಿಳಿದದ್ದೇ ತಡ, ಮುದುಕ ಮಕ್ಕಳನ್ನು ಕರೆದು ಸರಂಜಾಮು ತೆಗೆದುಕೊಂಡು ಮನೆಮನೆಗೆ ಹೋಗಿ ಉಪ್ಪು, ಎಣ್ಣೆ, ಅಕ್ಕಿ ಕೂಡಿಸಿ ತನ್ನಿ, ಗಂಜಿ ಕಾಯಿಸೋಣ ಎನ್ನುತ್ತಾನೆ. ಹುಡುಗರ ಮಾತಿಗೆ ಮರುಳಾಗಿ ಕ್ಷೌರ ಬೇಡವಾಗಿದ್ದವರೂ ಮಾಡಿಸಿಕೊಳ್ಳುತ್ತಾರೆ, ಕೈಬಿಚ್ಚಿ ಕೊಡುತ್ತಾರೆ. ಬೆಳಗ್ಗೆ ಗಂಜಿ ಬಡಿಸುವ ಹೊತ್ತಿಗೆ ಬುದ್ಧ, ಇದೆಲ್ಲಿಂದ ಬಂತು ಎಂದು ಕೇಳುತ್ತಾನೆ. ತಿಳಿದು ಸಿಟ್ಟಾಗುತ್ತಾನೆ. ಹಿಂದೆ ಕ್ಷೌರಿಕನಾಗಿದ್ದ ಭಿಕ್ಷು ಖುರಭಂಡ ಇಟ್ಟುಕೊಂಡು ತಿರುಗಕೂಡದು ಎಂದು ನಿಯಮವೇ ಆಗುತ್ತದೆ.

ಎಲ್ಲರೂ ಇಟ್ಟುಕೊಳ್ಳಬಹುದಾದ ಚೀಲವನ್ನು ಅದರ ಬಳಕೆ ಬಲ್ಲವನು ಇಟ್ಟುಕೊಳ್ಳಬಾರದು! ಓದಿದಾಗ ಮೊದಲು ನಗು ಬಂತು, ಆಮೇಲೆ ನಿಯಮದ ಹಿಂದಿನ ಬುದ್ಧಿ ಕಂಡಿತು. ಬೇರೆಯವನ ಕೈಯಲ್ಲಿದ್ದರೆ ಅದು ಸಾಮಾನು. ಕ್ಷೌರಿಕನ ಕೈಯಲ್ಲಿದ್ದರೆ ಸಂಪಾದನೆ, ಬಿಟ್ಟು ಬಂದ ಸಂಸಾರ. ಚೀಲ ಹಿಡಿದನೆಂದರೆ ಮನುಷ್ಯ ತನ್ನ ಹಳೆಯ ಹೆಸರಿಗೆ ಮರಳಿದ ಹಾಗೆ. ಇದೇ ಸಂಘದಲ್ಲಿ ಶಾಕ್ಯರ ಕ್ಷೌರಿಕ ಉಪಾಲಿ ರಾಜಕುಮಾರರಿಗಿಂತ ಮೊದಲು ದೀಕ್ಷೆ ಪಡೆದ. ಬುದ್ಧನ ನಂತರ ರಾಜಗೃಹದಲ್ಲಿ ಸೇರಿದ ಮೊದಲ ಸಂಗೀತಿಯಲ್ಲಿ ವಿನಯದ ನಿಯಮಗಳನ್ನೆಲ್ಲ ಒಪ್ಪಿಸಿದವನೂ ಅವನೇ. ಕ್ಷೌರಿಕ ಚೀಲ ಮುಟ್ಟಬಾರದೆಂಬ ನಿಯಮವನ್ನೂ ಕ್ಷೌರಿಕನೇ ಒಪ್ಪಿಸಿರಬೇಕು.

ಪಾಲಿಯ ಖುರಭಂಡವೇ ಸಂಸ್ಕೃತದ ಕ್ಷುರಭಾಂಡ. ಪಂಚತಂತ್ರದಲ್ಲಿ ಅದು ಒಂದು ಸಂಸಾರದ ಜಗಳಕ್ಕೆ ಕಾರಣವಾಗುತ್ತದೆ. ಮೂಗು ಕೊಯ್ಸಿಕೊಂಡು ಬಂದ ನಾಪಿತನ ಹೆಂಡತಿ ಕತ್ತಲ ಮನೆಯಲ್ಲಿ ಕೂತಿದ್ದಾಳೆ. ಗಂಡ ಹೊಸ್ತಿಲ ಹೊರಗಿನಿಂದ ಕ್ಷುರಭಾಂಡ ಕೊಡು ಎಂದು ಕೂಗುತ್ತಾನೆ. ಅವಳು ಬೇಕೆಂದೇ ಒಂಟಿ ಕತ್ತಿಯನ್ನು ಎಸೆಯುತ್ತಾಳೆ. ಕೇಳಿದ್ದು ಪೆಟ್ಟಿಗೆ, ಬಂದದ್ದು ಬರಿ ಕತ್ತಿ. ಸಿಟ್ಟಿನಿಂದ ಅವನು ಅದನ್ನೇ ತಿರುಗಿ ಎಸೆಯುತ್ತಾನೆ. ಅಷ್ಟೇ ಸಾಕು, ನನ್ನ ಮೂಗು ಕೊಯ್ದ ಎಂದು ಅವಳು ಬೊಬ್ಬೆ ಹಾಕುತ್ತಾಳೆ. ಕಥೆಯ ನೀತಿ ಏನಾದರೂ ಇರಲಿ, ಕಸುಬಿನವನು ಕತ್ತಿ ಕೇಳುವುದಿಲ್ಲ, ಪೆಟ್ಟಿಗೆ ಕೇಳುತ್ತಾನೆ ಎಂಬುದನ್ನು ಕಥೆ ಕಟ್ಟಿದವನು ಸರಿಯಾಗಿ ನೋಡಿದ್ದಾನೆ. ಕಲ್ಲು, ಕನ್ನಡಿ, ಕತ್ತರಿ ಇಲ್ಲದೆ ಕತ್ತಿ ಹಿಡಿದು ಯಾವ ಮನೆಗೆ ಹೋಗುವುದು?

ಸಂಸ್ಕೃತ ನಿಘಂಟುಗಳಲ್ಲಿ ಇದಕ್ಕೆ ಹೊಂದುವ ಇನ್ನೊಂದು ಪದವಿದೆ. ಭಾಂಡಿ ಅಂದರೆ ಕ್ಷೌರದ ಕತ್ತಿಯ ಪೆಟ್ಟಿಗೆ. ಭಾಂಡಿವಾಹ, ಅದನ್ನು ಹೊತ್ತವನು, ಅಂದರೆ ಕ್ಷೌರಿಕ. ಹಡಪದ ಎನ್ನುವ ಹೆಸರಿನ ಕಟ್ಟಡವೂ ಇದೇ. ಕರಾವಳಿಯಲ್ಲಿ ನಮ್ಮ ಕಸುಬಿನವರನ್ನು ಭಂಡಾರಿ ಎನ್ನುತ್ತಾರೆ. ಭಂಡಾರ ಕಾಯುತ್ತಿದ್ದವರು, ಅದಕ್ಕೆ ಆ ಹೆಸರು ಎನ್ನುವುದು ರೂಢಿಯ ವಿವರಣೆ. ಭಾಂಡಿಯ ನೆನಪು ಅದರಲ್ಲಿ ಸೇರಿರಬಹುದೇ ಎಂಬುದು ನನ್ನ ಊಹೆ, ಊಹೆ ಮಾತ್ರ. ಉಡುಪಿಯ ಕಡೆಯ ಗೆಳೆಯರೊಬ್ಬರು ಇದನ್ನು ಕೇಳಿ, "ಮಾಸ್ಟ್ರೇ, ನಮ್ಮನ್ನು ಖಜಾನೆಯಿಂದ ಇಳಿಸಿ ಪೆಟ್ಟಿಗೆಗೆ ತಂದಿರಲ್ಲ" ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ.

ಇಷ್ಟಾದರೂ ಹಡಪ ಸಂಸ್ಕೃತದಿಂದ ಬಂದದ್ದಲ್ಲ. ಹಳೆಯ ರೂಪ ಅಡಪ. ಹಕಾರ ಆಮೇಲೆ ಮುಂದೆ ಬಂದು ಕೂತದ್ದು. ತೆಲುಗಿನಲ್ಲಿ ಅಡಪಮು, ತಮಿಳಿನಲ್ಲಿ ಅಡೈಪ್ಪೈ, ಅಡಪ್ಪಂ. ಮುಚ್ಚು, ಒಳಗೆ ಸೇರಿಸು ಎಂಬ ಅರ್ಥದ ಅಡೈ ಧಾತುವಿನಿಂದ ಬಂತೆಂದು ಕೆಲವರು ಹೇಳುತ್ತಾರೆ. ಅಡೈ ಅಂದರೆ ಎಲೆ, ಪೈ ಅಂದರೆ ಚೀಲ, ಆದ್ದರಿಂದ ಎಲೆಚೀಲ ಎಂದು ಬಿಡಿಸುವವರೂ ಇದ್ದಾರೆ. ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲುತ್ತದೆ, ಯಾಕೆಂದರೆ ಈ ಎಲ್ಲ ಭಾಷೆಗಳಲ್ಲೂ ಆ ಪದಕ್ಕೆ ಎರಡೆರಡು ಅರ್ಥ: ಎಲೆ ಅಡಕೆಯ ಚೀಲ, ಕ್ಷೌರಿಕನ ಚೀಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚಿನಲ್ಲಿ ಬಂದ ಕಿಟ್ಟೆಲ್ಲರ ಕೋಶದಲ್ಲಿಯೂ ಎರಡೂ ಇವೆ.

ಎಲೆಚೀಲದ ಹಡಪಕ್ಕೆ ಅರಮನೆಯಲ್ಲಿ ದೊಡ್ಡ ಗೌರವ. ರಾಜನಿಗೆ ತಾಂಬೂಲ ಕೊಡುವ ಹಡಪವಳ, ಹಡಪಿಗ ಶಾಸನಗಳಲ್ಲೂ ಕಾವ್ಯಗಳಲ್ಲೂ ಕಾಣುತ್ತಾರೆ. (ಹಡವಳ ಬೇರೆ, ಅವನು ಪಡೆವಳ, ದಂಡಿನವನು, ಶಾಸನ ಓದುವವರೂ ಒಮ್ಮೊಮ್ಮೆ ಎರಡನ್ನೂ ಕಲಸಿಬಿಡುತ್ತಾರೆ.) 1535ರ ಸುಮಾರಿಗೆ ವಿಜಯನಗರದ ವೃತ್ತಾಂತ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್, ದೊಡ್ಡ ದೊಡ್ಡ ನಾಯಕರ ಪಟ್ಟಿಯಲ್ಲಿ ಅಡಪನಾಯಕ ಎಂಬವನನ್ನು ಸೇರಿಸಿದ್ದಾನೆ. ಚೀಲ ಹಿಡಿದವನ ಹೆಸರು ಹೊತ್ತವನು ಸೀಮೆಯ ಒಡೆಯ!

ಒಂದೇ ಹೆಸರು ಎಲೆಗೂ ಕತ್ತಿಗೂ ಹೇಗೆ ಬಂತು? ಆಕಾರ ಒಂದೇ ಎನ್ನಬಹುದು. ಎಲೆಚೀಲದಲ್ಲೂ ಮನೆಗಳು: ಎಲೆಗೊಂದು, ಅಡಕೆಗೊಂದು, ಸುಣ್ಣದ ಡಬ್ಬಿಗೊಂದು, ಅಡಕೊತ್ತಿಗೊಂದು. ನನಗೆ ಇನ್ನೊಂದು ಕಾರಣವೂ ತೋರುತ್ತದೆ. ದೊರೆಯ ಬಾಯಿಗೆ ತಿನ್ನುವುದನ್ನು ಕೊಡುವವನು ಒಬ್ಬ, ದೊರೆಯ ಗಂಟಲಿಗೆ ಕತ್ತಿ ತಾಗಿಸುವವನು ಇನ್ನೊಬ್ಬ. ವಿಷ ಹಾಕಲು, ಕುತ್ತಿಗೆ ಕೊಯ್ಯಲು ದಿನವೂ ಅವಕಾಶವಿದ್ದು ದಿನವೂ ಹಾಗೆ ಮಾಡದೆ ಇರುವ ಇಬ್ಬರ ಕೈಯಲ್ಲೂ ಹಡಪ. ಅಂಥವರ ಮೇಲೆ ದೊರೆಗಳಿಗೆ ಎಷ್ಟು ಪ್ರೀತಿ ಎನ್ನುವುದಕ್ಕೆ ಬಾದಾಮಿಯ ಶಾಸನ ಸಾಕ್ಷಿ. ವಿಜಯನಗರದ ಸದಾಶಿವರಾಯನ ಕಾಲದಲ್ಲಿ ಅಳಿಯ ರಾಮರಾಯ ಕೊಂಡೋಜನೆಂಬ ಕ್ಷೌರಿಕನ ಕೈಚಳಕಕ್ಕೆ ಮೆಚ್ಚಿ ಆ ಕಸುಬಿನವರ ಮೇಲಿದ್ದ ತೆರಿಗೆಯನ್ನು ಬಿಟ್ಟುಕೊಟ್ಟ. ಅಂಥವೇ ಶಾಸನಗಳು ಬೇರೆ ಊರುಗಳಲ್ಲೂ ಇವೆ. ತೆರಿಗೆ ಮನ್ನಾ ಪಡೆಯಲು ಬೇರೆಯವರು ದಂಗೆ ಏಳಬೇಕಾಯಿತು, ಕೊಂಡೋಜ ಗಡ್ಡ ಹೆರೆದ.

ನಮ್ಮವರಲ್ಲಿ ಈ ಎರಡು ಅರ್ಥಗಳ ನಡುವೆ ಜಗಳವಿದೆ, ಅದಕ್ಕೆ ಕಾರಣ ಹಡಪದ ಅಪ್ಪಣ್ಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣ; ಬಸವಪ್ರಿಯ ಕೂಡಲಚೆನ್ನಬಸವಣ್ಣ ಎಂಬ ಅಂಕಿತದಲ್ಲಿ ಇನ್ನೂರಕ್ಕೂ ಹೆಚ್ಚು ವಚನ ಬರೆದವನು. ಹೆಂಡತಿ ಲಿಂಗಮ್ಮನೂ ವಚನಕಾರ್ತಿ. ಕೂಡಲಸಂಗಮಕ್ಕೆ ಹೋದ ಬಸವಣ್ಣನವರು ಹೆಂಡತಿ ನೀಲಮ್ಮನನ್ನು ಕರೆತರಲು ಕಲ್ಯಾಣಕ್ಕೆ ಕಳಿಸಿದ್ದು ಅಪ್ಪಣ್ಣನನ್ನೇ, ಅವಳು ಕೃಷ್ಣೆಯ ದಂಡೆಯ ತಂಗಡಗಿಯಲ್ಲಿ ಐಕ್ಯಳಾದಳು ಎಂಬುದು ಪರಂಪರೆಯ ಮಾತು. ಅಪ್ಪಣ್ಣ ಹಿಡಿದ ಹಡಪದಲ್ಲಿ ಇದ್ದದ್ದೇನು? ತಾಂಬೂಲ ಎನ್ನುತ್ತಾರೆ ವಿದ್ವಾಂಸರು. ಅದೇ ಕಾಲದ ಹಡಪದ ರೇಚಣ್ಣನನ್ನೂ ತಾಂಬೂಲದ ಕಾಯಕದವನೆಂದೇ ಹೇಳುತ್ತಾರೆ. ನಮ್ಮ ಹಿರಿಯರಿಗೆ ಅದು ಕತ್ತಿ ಕನ್ನಡಿಯ ಹಡಪ, ಎರಡು ಮಾತಿಲ್ಲ. ಸಭೆಗಳಲ್ಲಿ ಈ ಪ್ರಶ್ನೆ ಎದ್ದರೆ ಕುರ್ಚಿ ಸರಿಯುವ ಸದ್ದು ಕೇಳುತ್ತದೆ. ತಾಂಬೂಲ ಅಂದರೆ ಹುದ್ದೆ, ಕತ್ತಿ ಅಂದರೆ ಕಸುಬು ಎಂಬ ಅಳುಕು ಒಂದು ಕಡೆ. ಕಸುಬನ್ನು ಒರೆಸಿ ನಮ್ಮ ಶರಣನನ್ನು ನಮ್ಮಿಂದ ಕಿತ್ತುಕೊಳ್ಳುತ್ತಿದ್ದಾರೆ ಎಂಬ ಸಿಟ್ಟು ಇನ್ನೊಂದು ಕಡೆ. ಪಾಠ ಹೇಳಿದವನಾಗಿ ನಾನು ತಾಂಬೂಲದ ಕಡೆಗಿದ್ದೇನೆ. ಆದರೆ ಕಾಯಕದಲ್ಲಿ ಮೇಲು ಕೀಳಿಲ್ಲ ಎಂದವರ ಊರಿನಲ್ಲಿ ಯಾವ ಚೀಲವಾದರೆ ಏನಾಯಿತು, ಅಷ್ಟು ಮುಜುಗರ ಯಾಕೆ ಎಂಬುದನ್ನು ಮಾತ್ರ ತಾಂಬೂಲದ ಪಕ್ಷದವರಿಗೆ ಕೇಳಬೇಕೆನಿಸುತ್ತದೆ.

ಮುತ್ಯಾನ ಹಡಪದಲ್ಲಿ ಮೊದಲು ಹೇಳದೆ ಬಿಟ್ಟ ಒಂದು ವಸ್ತು ಇದೆ. ಕರಿಯ ಕಾಗದ ಅಂಟಿಸಿದ ರಟ್ಟಿನ ಉದ್ದನೆಯ ಡಬ್ಬಿ. ಒಂದು ತುದಿಗೆ ಹೆಗಲಿನ ಹಾಗೆ ಅಗಲವಾಗಿ ಇನ್ನೊಂದು ತುದಿಗೆ ಕಿರಿದಾಗುತ್ತ ಹೋಗಿದೆ. ಒಳಗಿದ್ದ ಕತ್ತಿಯ ಬುಡದಲ್ಲಿ ಆರು ಮೂಲೆಯ ನಕ್ಷತ್ರ, ಪಕ್ಕದಲ್ಲಿ ಮಾಲ್ಟಾ ಶಿಲುಬೆ. ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು ಅದು. ಮುತ್ಯಾನ ಅಣ್ಣ ಬೆಳಗಾವಿ ದಂಡಿನಲ್ಲಿ ಸಿಪಾಯಿಗಳ ಕ್ಷೌರ ಮಾಡುತ್ತಿದ್ದ, ಅವನಿಂದ ಬಂದದ್ದು. ಮುತ್ಯಾ ಅದನ್ನು ರಾಜರ ಕತ್ತಿ ಎನ್ನುತ್ತಿದ್ದ. ಅವನ ತಿಳಿವಳಿಕೆ ಪೂರ್ತಿ ಸುಳ್ಳೂ ಅಲ್ಲ, 1822ರಿಂದ ಆ ಕಂಪನಿ ಇಂಗ್ಲೆಂಡಿನ ಅರಮನೆಗೆ ಚಾಕು ಕತ್ತಿ ಒದಗಿಸುತ್ತಿತ್ತು. ಡಬ್ಬಿಗೆ ಮಾತ್ರ ಬೇರೆ ಹೆಸರಿರಲಿಲ್ಲ. "ಡಬ್ಬಿ ಮ್ಯಾಲ ಕೈ ಇಡಬ್ಯಾಡೋ ತಮ್ಮಾ, ರಟ್ಟ ಬಿಚ್ಚತದ" ಎನ್ನುತ್ತಿದ್ದ, ಅಷ್ಟೇ.

ಹಳೆಯ ಕತ್ತಿ ಕೂಡಿಸಿಡುವ ಹವ್ಯಾಸದವರು ಇಂಥ ಡಬ್ಬಿಯನ್ನು ಕಾಫಿನ್ ಎನ್ನುತ್ತಾರೆ, ಶವಪೆಟ್ಟಿಗೆ. ಆಕಾರ ನೋಡಿ ಇಟ್ಟ ಹೆಸರು. ದಿನಾ ಬೆಳಗ್ಗೆ ಮುಖಕ್ಕೆ ಹಿಡಿಯುವ ಕತ್ತಿಯನ್ನು ಶವಪೆಟ್ಟಿಗೆಯಿಂದ ತೆಗೆದೆ ಎನ್ನಲು ಯಾವ ಕಸುಬಿನವನಿಗೆ ನಾಲಿಗೆ ಏಳುತ್ತದೆ? ಅದು ಕೊಳ್ಳುವವರ, ಕಾಯ್ದಿಡುವವರ ಬಾಯಿಯ ಹೆಸರು. ಕಸುಬು ಸತ್ತ ಮೇಲೆ ಹುಟ್ಟುವಂಥ ಹೆಸರು.

ಕಸುಬು ಬದುಕಿದ್ದಾಗ ಯುರೋಪಿನಲ್ಲಿ ಇದ್ದ ಹೆಸರುಗಳು ಬೇರೆ. ಫ್ರೆಂಚರದು ಎತ್ವಿ. ಮುಚ್ಚಿಡು, ಜೋಪಾನ ಮಾಡು ಎಂಬ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ನಮ್ಮ ಅಡೈಗೆ ಅದು ದೂರದ ಊರಿನ ಜೋಡಿ. ಇಂಗ್ಲಿಷರು ಅದನ್ನು ಕಡ ತಂದು, ವೈದ್ಯರೂ ಕ್ಷೌರಿಕರೂ ಸಣ್ಣ ಸಾಧನ ಇಡುವ ಪೆಟ್ಟಿಗೆಗೆ ಹೆಸರಿಟ್ಟರು. ಅವರ ಬಾಯಲ್ಲಿ ಅದು ಸವೆದು ಟ್ವೀಜ್ ಆಯಿತು. ಹದಿನೇಳನೆಯ ಶತಮಾನದಲ್ಲಿ ಪೆಟ್ಟಿಗೆಯೊಳಗಿನ ಚಿಮಟಕ್ಕೇ ಟ್ವೀಜರ್ಸ್ ಎಂಬ ಹೆಸರು ಅಂಟಿತು. ಈಗ ಔಷಧದ ಅಂಗಡಿಯಲ್ಲಿ ಟ್ವೀಜರ್ ಕೊಡಿ ಎನ್ನುವವರೆಲ್ಲ ಕೇಳುತ್ತಿರುವುದು ಪೆಟ್ಟಿಗೆಯ ಹೆಸರನ್ನೇ. ಲಂಡನ್ನಿನಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ 1540ರಿಂದ 1745ರವರೆಗೆ ಒಂದೇ ಸಂಘದಲ್ಲಿದ್ದರು, ಆದ್ದರಿಂದ ಇಬ್ಬರ ಪೆಟ್ಟಿಗೆಗೂ ಒಂದೇ ಹೆಸರಿದ್ದದ್ದು ಸೋಜಿಗವಲ್ಲ. ನೋಡಿ, ಅಲ್ಲಿ ಪೆಟ್ಟಿಗೆಯ ಹೆಸರು ಸಾಧನಕ್ಕೆ ಹೋಯಿತು. ನಮ್ಮಲ್ಲಿ ಮನುಷ್ಯನಿಗೆ ಬಂತು, ಅವನ ಮಕ್ಕಳಿಗೂ ಬಂತು. ಕ್ಷೌರ ಮಾಡುವುದನ್ನು ಬಿಟ್ಟವನು ಇಂಗ್ಲೆಂಡಿನಲ್ಲಿ ಪೆಟ್ಟಿಗೆಯನ್ನೂ ಬಿಟ್ಟ. ನಾನು ಕತ್ತಿ ಹಿಡಿಯಲೇ ಇಲ್ಲ, ಆದರೂ ಹಾಜರಿ ಪುಸ್ತಕದಲ್ಲಿ ಹಡಪದ ಮಾಸ್ತರ.

ಸಿರಿವಂತರ ಪೆಟ್ಟಿಗೆಗೆ ಶಾಗ್ರೀನ್ ಹೊದಿಕೆ. ತುರ್ಕಿ ಭಾಷೆಯಲ್ಲಿ ಸಾರಿ ಅಂದರೆ ಕುದುರೆಯ ಹಿಂಭಾಗ; ಅಲ್ಲಿಯ ಹಸಿ ಚರ್ಮದೊಳಗೆ ಕಾಳುಗಳನ್ನು ತುಳಿದು ಒತ್ತಿ, ಒಣಗಿದ ಮೇಲೆ ಉದುರಿಸಿದರೆ ಚರ್ಮದ ತುಂಬ ಗುಳಿ ಬೀಳುತ್ತಿತ್ತು. ಮುಂದೆ ಅದೇ ಹೆಸರು ತೊರಕೆ ಮೀನಿನ, ಶಾರ್ಕಿನ ಹರಳುಹರಳಾದ ಚರ್ಮಕ್ಕೆ ಬಂತು. ಪ್ಯಾರಿಸ್ಸಿನಲ್ಲಿ ಹದಿನೈದನೆಯ ಲೂಯಿಯ ಕಾಲದ ಗಲುಷಾ ಎಂಬ ಕುಶಲಕರ್ಮಿ ಆ ಚರ್ಮವನ್ನು ಉಜ್ಜಿ ನಯ ಮಾಡಿ ಎಷ್ಟು ಹೆಸರಾದನೆಂದರೆ ಫ್ರೆಂಚರು ಚರ್ಮವನ್ನೇ ಗಲುಷಾ ಎಂದರು. ಇನ್ನು ಏಳು ಕತ್ತಿಗಳ ಪೆಟ್ಟಿಗೆ, ವಾರದ ಒಂದೊಂದು ದಿನಕ್ಕೆ ಒಂದೊಂದು, ಬೆನ್ನ ಮೇಲೆ ದಿನದ ಹೆಸರು. ಒಂದು ದಿನ ದುಡಿದ ಬಾಯಿಗೆ ಆರು ದಿನ ವಿಶ್ರಾಂತಿ ಬೇಕೆಂಬ ನಂಬಿಕೆ. ನಮ್ಮ ಕಡೆಗೆ ಆ ಪೆಟ್ಟಿಗೆ ಬಂದಿದ್ದರೆ ಮಂಗಳವಾರದ ಕತ್ತಿ ಹೊಸದಾಗಿಯೇ ಉಳಿಯುತ್ತಿತ್ತು, ಆ ದಿನ ನಾವು ಕತ್ತಿ ಮುಟ್ಟುವುದಿಲ್ಲ.

ಆ ಪೆಟ್ಟಿಗೆಗಳೊಳಗಿನ ಉಕ್ಕಿಗೂ ನಮ್ಮ ನೆಲಕ್ಕೂ ಒಂದು ನಂಟಿದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಹತ್ತಿರ ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ ಹಾಕಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಅಂಥ ಉಕ್ಕು ವೂಟ್ಸ್ ಎಂಬ ಹೆಸರಿನಲ್ಲಿ ಮೊದಲೇ ಲಂಡನ್ ಸೇರಿತ್ತು; ಅದರ ಮೇಲೆ 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಆ ಹೆಸರು ಕನ್ನಡದ ಉಕ್ಕಿನಿಂದಲೇ ಹೋದದ್ದು ಎಂದು ಬಹಳ ಜನ ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಶಸ್ತ್ರವೈದ್ಯರ ಸಾಧನಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ತನ್ನ ಅಂಗಡಿಯ ಚೀಟಿಯಲ್ಲೇ ವೂಟ್ಸ್ ಬಳಸುವುದಾಗಿ ಅಚ್ಚು ಹಾಕಿಸಿದ್ದ. ಅವನ ಜೊತೆ ಮಿಶ್ರ ಉಕ್ಕಿನ ಪ್ರಯೋಗ ಮಾಡಿದ ಮೈಕೆಲ್ ಫ್ಯಾರಡೆ ಅದರಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆ ಕೊಡುತ್ತಿದ್ದ.

ಹಡಪ ಹೋದದ್ದು ನಮ್ಮ ಅಪ್ಪನ ಕಾಲದಲ್ಲಿ. ಮುತ್ಯಾ ಮನೆಮನೆಗೆ ಹೋಗಿ ಕ್ಷೌರ ಮಾಡಿ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರುತ್ತಿದ್ದವನು. ಕೊಟ್ಟಷ್ಟು ಜೋಳ, ಕೊಟ್ಟಾಗ. ಅಪ್ಪ ಪಟ್ಟಣದ ಬಸ್ ನಿಲ್ದಾಣದ ಹತ್ತಿರ ಅಂಗಡಿ ಹಾಕಿದ. ಗಿರಾಕಿಯೇ ಕುರ್ಚಿಗೆ ಬರುವಾಗ ಹೊತ್ತು ತಿರುಗುವ ಚೀಲ ಏತಕ್ಕೆ? ಕತ್ತಿ ಕತ್ತರಿ ಎಲ್ಲ ಕನ್ನಡಿಯ ಕೆಳಗಿನ ಖಾನೆಗೆ ಹೋದವು. ಹಡಪ ಊರಿನ ಮನೆಯ ಗೂಟಕ್ಕೆ ಉಳಿಯಿತು. ಎಚ್‌ಐವಿಯ ಹೆದರಿಕೆ ಹಬ್ಬಿದ ಮೇಲೆ ಸಾಣೆ ಹಿಡಿಯುವ ಕತ್ತಿಯೂ ಹೋಯಿತು. ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂತು, ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡು ಮುರಿದು ಹಾಕುವ ಪದ್ಧತಿ ಬಂತು. ಅದಕ್ಕೆ ಪೆಟ್ಟಿಗೆ ಬೇಡ, ಬ್ಲೇಡಿನ ಕಾಗದವೇ ಪೆಟ್ಟಿಗೆ.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಸಲೂನ್ ಇಟ್ಟಿದ್ದಾನೆ. ಮದುವೆ ಮನೆಗೆ ಕೆಲಸಕ್ಕೆ ಹೋಗುವಾಗ ಗಾಲಿ ಇರುವ ಒಂದು ಅಲ್ಯುಮಿನಿಯಂ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಾನೆ, ಒಳಗೆ ಸ್ಪಂಜಿನ ಮನೆಗಳು. ಇದಕ್ಕೇನಂತೀಯೋ ಎಂದು ಕೇಳಿದೆ.

"ಕಿಟ್ ಅಂತೀವಿ, ದೊಡ್ಡಪ್ಪಾ."

"ಹಡಪ ಅನ್ನೂದಿಲ್ಲೇನು?"

"ಅದು ನಮ್ಮ ಅಡ್ಡಹೆಸರಲ್ಲಾ?" ಅಂದ.